ಕವಡೆ, ಆಣೆ, ಇ-ರೂಪಾಯಿ: ಒಂದು ವಾರಾಂತ್ಯದ ಓದು

ವಾರವಿಡೀ ಅಕೌಂಟೆನ್ಸಿ ಓದಿದ ಮೇಲೆ ಶನಿವಾರ ಮಧ್ಯಾಹ್ನ ಪರೀಕ್ಷೆಗೆ ಬಾರದ್ದನ್ನು ಓದುವುದು ನನ್ನ ಅಭ್ಯಾಸ. ಈ ಸಲ ಸಿಕ್ಕಿದ್ದು ಮೂರು: ವಿಜಯಪುರದ ಸುಲ್ತಾನನ ಸಂಗೀತ, ಭಾಸ್ಕರಾಚಾರ್ಯರ ಲೀಲಾವತಿ, ರಿಸರ್ವ್ ಬ್ಯಾಂಕಿನ ಇ-ರೂಪಾಯಿ.

1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ಕಿತಾಬ್-ಎ-ನೌರಸ್ ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ, ಕಲಬುರಗಿಯ ಬಂದೇ ನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದನಂತೆ! ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾಷೆ. ಫಾರಸಿಗೆ ಅಷ್ಟು ಮರ್ಯಾದೆಯಿದ್ದ ಕಾಲದಲ್ಲಿ ಅವನು ಹಾಡು ಕಟ್ಟಿದ್ದು ದಖ್ಖನಿಯಲ್ಲಿ. ನಮ್ಮ ಮನೆಯ ‘ನಕ್ಕೋ’, ‘ಹೌ’ ಕೇಳಿ ಇದು ಸರಿಯಾದ ಉರ್ದು ಅಲ್ಲ ಎಂದು ನಗುವವರಿದ್ದಾರೆ. ದೂರದ ನೆಂಟರು ಬಂದರೆ ಅಮ್ಮಿ ಮಾತು ತಿದ್ದಿಕೊಂಡು ಆಡುತ್ತಾರೆ. ಒಬ್ಬ ಸುಲ್ತಾನನಿಗೆ ಈ ಭಾಷೆ ಸಾಕಾಗಿತ್ತು ಎಂದು ಅವರಿಗೆ ಹೇಳಿದೆ. “ಹೌ ಕ್ಯಾ?” ಎಂದರು, ಮತ್ತೆ ರೊಟ್ಟಿ ತಟ್ಟತೊಡಗಿದರು.

ಲೀಲಾವತಿ 1150ರದ್ದು. ಅಕ್ಬರನ ಕಾಲದಲ್ಲಿ, 1587ರಲ್ಲಿ, ಫೈಜಿ ಅದನ್ನು ಫಾರಸಿಗೆ ತಂದ. ದೇವರ ಸ್ತುತಿ ಮುಗಿದ ಕೂಡಲೇ ಬರುವುದು ಹಣದ ಕೋಷ್ಟಕ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಗುಣಿಸಿದರೆ ಒಂದು ನಿಷ್ಕಕ್ಕೆ 20,480 ಕವಡೆ. ಈ 16 ನಮಗೆ ಹೊಸದಲ್ಲ. 1957ರವರೆಗೆ ನಮ್ಮ ರೂಪಾಯಿಗೂ 16 ಆಣೆ ಇತ್ತು. ಪೂರ್ತಿ ನಿಜವಾದ ಮಾತಿಗೆ ದಾದಿ ಇವತ್ತಿಗೂ “ಸೋಲಾ ಆನೆ ಸಚ್” ಎನ್ನುತ್ತಾರೆ.

ಕಾಮರ್ಸಿನವರು ನೋಡಲೇಬೇಕಾದ ಲೆಕ್ಕ ಒಂದಿದೆ. ಮೂವರು ವ್ಯಾಪಾರಿಗಳು 51, 68, 85 ಬಂಡವಾಳ ಹಾಕಿ ಒಟ್ಟು 300 ಮಾಡುತ್ತಾರೆ, ಯಾರಿಗೆಷ್ಟು? ಬಂಡವಾಳದ ಅನುಪಾತದಲ್ಲಿ ಹಂಚಿದರೆ 75, 100, 125. ನಮ್ಮ ಪಾಲುದಾರಿಕೆಯ ಪಾಠವೇ!

ಇ-ರೂಪಾಯಿ ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ಬಂದದ್ದು 2022ರ ಡಿಸೆಂಬರ್ 1ರಂದು. ಯುಪಿಐ ಇರುವಾಗ ಇದೇಕೆ ಎಂದು ನನಗೂ ಅನ್ನಿಸಿತ್ತು. ಯುಪಿಐಯಲ್ಲಿ ಹಣ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಇ-ರೂಪಾಯಿ ಹಾಗಲ್ಲ, ಅದೇ ಹಣ. ಜೇಬಿನ ನೋಟಿನ ಹಾಗೆ ಅದರ ಹೊಣೆ ನೇರವಾಗಿ ರಿಸರ್ವ್ ಬ್ಯಾಂಕಿನದು. ನೋಟಿನ ಹಾಗೆಯೇ ಬಡ್ಡಿಯೂ ಇಲ್ಲ.

ಬಡ್ಡಿ ಇಲ್ಲ ಎಂದಾಗ ದಾದಿ ಕಿವಿಗೊಟ್ಟರು. ಅವರ ಉಳಿತಾಯವೆಲ್ಲ ಟ್ರಂಕಿನಲ್ಲಿ, ಸೀರೆಗಳ ಮಡಿಕೆಯೊಳಗೆ. 2016ರಲ್ಲಿ ಹಳೆಯ 500, 1000ದ ನೋಟು ರದ್ದಾದಾಗ ಅವರು ಹೊರತೆಗೆದ ಹಣ ಕಂಡು ಅಬ್ಬಾ ಬೆರಗಾಗಿದ್ದರಂತೆ. ಫೋನು ಇಲ್ಲದ ದಾದಿ ನನ್ನನ್ನು ಕೇಳಿದ್ದು ಒಂದೇ: “ಮಕ್ಕಳ ಕಣ್ಣಿಗೆ ಬೀಳದ ಹಾಗೆ ಇದನ್ನು ಇಡೋದೆಲ್ಲಿ ಬೇಟಾ?”

ಸೋಮವಾರ ಅರ್ಥಶಾಸ್ತ್ರದ ಸರ್ ಅವರನ್ನು ಕೇಳುವವನಿದ್ದೇನೆ.