ಗೆದ್ದವರು ಇನ್ನೇನು ಮಾಡಬೇಕಿತ್ತು?

ಸೋತವರ ಸಪ್ಪೆ ಮುಖ ಎಲ್ಲರೂ ಕಂಡದ್ದೇ. ಒಂದೂ ಪಂದ್ಯ ಸೋಲದವರು ಹಾಗೆ ಕೂತದ್ದು 2023ರ ಡಿಸೆಂಬರ್ 3ರಂದು. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಹುಡುಗರು ಟಿವಿ ಮುಂದೆ ಕಾಯುತ್ತಿದ್ದರು. ಆಡಿದ್ದು 13 ಪಂದ್ಯ, ಗೆದ್ದದ್ದು 13, ಜೊತೆಗೆ ತಮ್ಮ ಕಾನ್ಫರೆನ್ಸಿನ, ಅಂದರೆ ತಮ್ಮ ತಂಡಗಳ ಕೂಟದ, ಪಟ್ಟ. ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ನಲ್ಲಿ ಆಗ ಇದ್ದದ್ದು ನಾಲ್ಕೇ ಜಾಗ. ಮಿಷಿಗನ್, ವಾಷಿಂಗ್ಟನ್, ಟೆಕ್ಸಾಸ್, ಅಲಬಾಮಾ ಎಂದು ಹೆಸರು ಬಂದವು. ಕೊನೆಯ ಎರಡೂ ಒಂದೊಂದು ಪಂದ್ಯ ಸೋತ ತಂಡಗಳು. ಸೋಲನ್ನೇ ಕಾಣದ ಇವರು ಐದನೆಯವರು.

ಕಾರಣ ಒಂದು ಕಾಲು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರಿನಲ್ಲಿ ಕಾಲಿಗೆ ಭಾರೀ ಪೆಟ್ಟು ತಿಂದಿದ್ದ. ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಕೊಡಬೇಕೋ, ತಾನೇ ಓಡಬೇಕೋ ಕ್ಷಣದಲ್ಲಿ ತೀರ್ಮಾನಿಸುವವನು ಅವನು. ಅವನಿಲ್ಲದ ತಂಡ ಮೊದಲಿನ ತಂಡವಲ್ಲ ಎಂದು 13 ಜನರ ಆಯ್ಕೆ ಸಮಿತಿ ಲೆಕ್ಕ ಹಾಕಿತು. ಅಂಥ ಲೆಕ್ಕಕ್ಕೆ ಸಮಿತಿಯ ನಿಯಮದಲ್ಲೇ ಅವಕಾಶವಿದೆ. ನನ್ನ ತಕರಾರು ಆ ನಿಯಮದ ಮೇಲೆಯೇ. ತನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ತಂಡದಲ್ಲಿ ತಾನೊಬ್ಬನೇ ಅಲ್ಲ ಎನ್ನುವುದನ್ನು ಜನ ನೋಡುತ್ತಿದ್ದರು ಎಂದು ಆ ಹುಡುಗ ಬರೆದುಕೊಂಡ. ಇಪ್ಪತ್ತರ ಹರೆಯದವನ ಬಾಯಲ್ಲಿ ಇಂಥ ಮಾತು ಬರುವಂತೆ ಮಾಡಿದ ಪದ್ಧತಿಯನ್ನು ನ್ಯಾಯವೆನ್ನಲು ನನಗೆ ನಾಲಿಗೆ ಬರುವುದಿಲ್ಲ.

ಸಮಿತಿಯ ಕಷ್ಟ ಇಲ್ಲವೆಂದಲ್ಲ. 130ಕ್ಕೂ ಹೆಚ್ಚು ತಂಡ, ತಲಾ ಹನ್ನೆರಡು ಪಂದ್ಯ. ಎಲ್ಲರೂ ಎಲ್ಲರೊಡನೆ ಆಡುವುದು ಆಗದ ಮಾತು. ಚಾಂಪಿಯನ್ ಯಾರೆಂದು ಹೇಳಲು 1936ರಿಂದ ಪತ್ರಕರ್ತರ ಮತ ಇತ್ತು. 1998ರಲ್ಲಿ ಮತದ ಜೊತೆಗೆ ಕಂಪ್ಯೂಟರ್ ಲೆಕ್ಕವೂ ಸೇರಿತು. ಆಗಲೂ 2004ರಲ್ಲಿ ಆಬರ್ನ್ ಎಲ್ಲ ಪಂದ್ಯ ಗೆದ್ದು ಫೈನಲ್ ಕಾಣಲಿಲ್ಲ. 2014ರಲ್ಲಿ ಸಮಿತಿ ಬಂತು.

ನಮ್ಮ ಐಪಿಎಲ್ ನೋಡಿ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಪ್ಲೇಆಫ್ ಸೇರಲು ಆರ್‌ಸಿಬಿ ಗೆದ್ದರಷ್ಟೇ ಸಾಲದು, 18 ರನ್ ಅಂತರವಾದರೂ ಬೇಕು ಎನ್ನುವುದು ಗ್ಯಾಲರಿಯ ಕೊನೆ ಸಾಲಿನವನಿಗೂ ಗೊತ್ತಿತ್ತು. ಚೆನ್ನೈ 27 ರನ್ನಿನಿಂದ ಸೋತಿತು, ಲೆಕ್ಕ ಚುಕ್ತಾ. ಮುಂದೆ ಯಾರು ಚೆನ್ನಾಗಿ ಆಡಬಹುದು ಎಂದು ಕೋಣೆಯಲ್ಲಿ ಕೂತು ಯಾರೂ ತೂಗಲಿಲ್ಲ.

ನನ್ನ ಸೋದರಳಿಯ ಮಿಷಿಗನ್ ವಿಶ್ವವಿದ್ಯಾಲಯದ ಊರು ಆ್ಯನ್ ಆರ್ಬರ್‌ನಲ್ಲಿ ಓದಿದವನು, ಮಿಷಿಗನ್ ಎಂದರೆ ಪ್ರಾಣ. ಒಂದು ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಅಲ್ಲಿನ ಸ್ಟೇಡಿಯಂನ ಗದ್ದಲ ಫೋನಿನಲ್ಲೇ ಕೇಳಿಸಿದ್ದಾನೆ. ಅವನ ವಾದವೇ ಬೇರೆ. ‘ಮಾವ, ಎಷ್ಟು ಗೆದ್ರು ಅಂತ ಎಣಿಸಿದ್ರೆ ಸಾಕಾ? ಯಾರನ್ನ ಗೆದ್ರು ಅನ್ನೋದು ಬೇಡ್ವಾ? ಅಲಬಾಮಾ ಸೋಲಿಸಿ ಬಂದಿದ್ದು ಜಾರ್ಜಿಯಾನ, ಹಿಂದಿನ ಎರಡು ವರ್ಷದ ಚಾಂಪಿಯನ್ಸ್‌ನ. ಆಮೇಲೆ ಆರೆಂಜ್ ಬೌಲ್ ಅನ್ನೋ ಪಂದ್ಯದಲ್ಲಿ ಅದೇ ಜಾರ್ಜಿಯಾ ಫ್ಲೋರಿಡಾ ಸ್ಟೇಟ್‌ನ 63-3ರಲ್ಲಿ ಬಡಿದು ಹಾಕ್ತಲ್ಲ!’

ಎದುರಾಳಿ ಯಾರು ಎಂದು ನೋಡಲೇಬೇಕು, ಒಪ್ಪಿದೆ. ಅದೂ ಮೈದಾನದಲ್ಲಿ ಆದದ್ದೇ. ಆದರೆ ಆ 63-3ರ ಹೊತ್ತಿಗೆ ತಂಡದ ಹಲವು ಮುಖ್ಯ ಆಟಗಾರರು ಆಡದೆ ಹೊರಗೆ ಉಳಿದಿದ್ದರು. ಪಟ್ಟದ ದಾರಿ ಮುಚ್ಚಿದ ಮೇಲಿನ ಪಂದ್ಯ ಅದು. ದಾರಿ ಮುಚ್ಚಿದ್ದು ಸರಿ ಎನ್ನಲು ಅದನ್ನು ಸಾಕ್ಷಿಗೆ ಕರೆಯಬಾರದು. ಇನ್ನು 2014ರ ಕಥೆ. ಓಹಾಯೊ ಸ್ಟೇಟ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಗೊಂಡು, ಮೂರನೆಯವನಾದ ಕಾರ್ಡೇಲ್ ಜೋನ್ಸ್ ಕೈಗೆ ಚೆಂಡು ಬಂತು. ಕಾನ್ಫರೆನ್ಸ್ ಫೈನಲ್‌ನಲ್ಲಿ 59-0 ಗೆಲುವು. ಸಮಿತಿ ನಾಲ್ಕನೆಯ ಜಾಗ ಕೊಟ್ಟಿತು. ಅಲಬಾಮಾ, ಆರೆಗನ್ ಎರಡನ್ನೂ ಮಣಿಸಿ ಪಟ್ಟ ಗೆದ್ದೇಬಿಟ್ಟರು! ಫ್ಲೋರಿಡಾ ಸ್ಟೇಟ್ ಕೂಡ ಮೂರನೆಯ ಹುಡುಗನನ್ನಿಟ್ಟುಕೊಂಡೇ ಲೂಯಿವಿಲ್ ಮೇಲೆ 16-6ರಲ್ಲಿ ಕಾನ್ಫರೆನ್ಸ್ ಫೈನಲ್ ಗೆದ್ದಿತ್ತು. ಅಂಕ ಕಡಿಮೆ ಅಂತಲೇ? ಎದುರಾಳಿಗೆ ಒಂದು ಟಚ್‌ಡೌನ್ ಕೂಡ ಬಿಡದ ಡಿಫೆನ್ಸ್ ಆಟವಲ್ಲವೇ?

2024ರಿಂದ ಜಾಗ ಹನ್ನೆರಡಾಯಿತು. ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಖಾತ್ರಿ ಸೀಟು. ಸಮಿತಿ ಆರನೆಯದೆಂದು ಎಣಿಸಿದ್ದ ಓಹಾಯೊ ಸ್ಟೇಟ್ ಕಡೆಗೆ ಪಟ್ಟಕ್ಕೇರಿತು. ಹಳೆಯ ಪದ್ಧತಿಯಾಗಿದ್ದರೆ ಅವರೂ ಹೊರಗೇ. ಅದೇ ವರ್ಷ ಮಿಷಿಗನ್ ಅವರನ್ನು 13-10ರಲ್ಲಿ ಸೋಲಿಸಿತ್ತು ಎಂದು ನೆನಪಿಸದೆ ಅಳಿಯ ಬಿಡುವುದಿಲ್ಲ.

ಹೀಗೆ ಸುಧಾರಿಸುತ್ತಿದೆ ಎನ್ನುವಾಗಲೇ ಹೊಸ ಮಾತು ಎದ್ದಿತು: ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡು ದೊಡ್ಡ ಕಾನ್ಫರೆನ್ಸುಗಳಿಗೆ ನಾಲ್ಕು ನಾಲ್ಕು ಸೀಟು ಮುಂಗಡವಾಗಿಯೇ ಎತ್ತಿಡಬೇಕಂತೆ. ಚಾಂಪಿಯನ್ನರಿಗೆ ಕೊಡುವ ಖಾತ್ರಿ ಗೆದ್ದು ಪಡೆದದ್ದು. ಇದು ಆಗಸ್ಟಿನಲ್ಲಿ ಮೊದಲ ಪಂದ್ಯ ಶುರುವಾಗುವ ಮೊದಲೇ ಹೆಸರಿನ ಬಲದ ಮೇಲೆ ಹಂಚುವ ಪಾಲು. ಬಿಗ್ ಟೆನ್‌ನಲ್ಲೇ ಇರುವ ಅಳಿಯನ ಮಿಷಿಗನ್‌ಗೆ ಇದರಿಂದ ಲಾಭವೇ. ಆದರೂ ಈ ಒಂದು ವಿಷಯದಲ್ಲಿ ಅವನು ನನ್ನ ಕಡೆ: ‘ಬೇಡ ಮಾವ, ನಾವು ಗೆದ್ದೇ ಬರ್ತೀವಿ.’