ಹದಿನಾರು ಬೈಟಿನ ಖರಾಬು

ಮೆಟ್ಟಿಲು ಹುಷಾರು, ಮೂರನೆಯದು ಅಲ್ಲಾಡುತ್ತದೆ. ಮೇಲಿನ ರೂಮಿನ ಬಾಗಿಲು ತೆರೆದೇ ಇದೆ. ಜಗಳೂರಿನ ಮೇ ತಿಂಗಳು. ರಾತ್ರಿ ಹನ್ನೊಂದಾದರೂ ತಾರಸಿಯ ಕಾವು ಇಳಿದಿಲ್ಲ. ಕೂರಲು ಕುರ್ಚಿ ಇಲ್ಲ, ಮೆಕ್ಕೆಜೋಳದ ಬೀಜದ ಚೀಲ ಇದೆ. ಅದರ ಮೇಲೇ ಕೂತುಕೊಳ್ಳಿ.

ಟೇಬಲ್ಲಿನ ಮೇಲೆ ಎರಡು ಹಳೇ ಕಂಪ್ಯೂಟರು, ನಡುವೆ ಒಂದು ನೀಲಿ ಕೇಬಲ್ಲು. ಒಂದರ ಡಬ್ಬಿ ಬಿಚ್ಚಿದೆ. ಒಳಗೆ ಅಂಗೈಯಗಲದ ನೆಟ್‌ವರ್ಕ್ ಕಾರ್ಡು, ಅದರ ಕಪ್ಪು ಚಿಪ್ಪಿನ ಮೇಲೆ 8139 ಎಂಬ ಅಂಕಿ. ಸೈಬರ್ ಕೆಫೆಗಳ ಕಾಲದಲ್ಲಿ ಮನೆಮಾತಾಗಿದ್ದ 100 ಮೆಗಾಬಿಟ್ಟಿನ ಅಗ್ಗದ ಕಾರ್ಡು ಇದು. ಈಗ ಗುಜರಿಯವನೂ ತೂಕಕ್ಕೆ ಹಾಕಿಕೊಳ್ಳುತ್ತಾನೆ. ಆದರೂ ಸ್ವಂತ ಆಪರೇಟಿಂಗ್ ಸಿಸ್ಟಂ ಬರೆಯುತ್ತೇವೆಂದು ಹೊರಟ ಹಲವರು ನೆಟ್‌ವರ್ಕ್ ಡ್ರೈವರ್ ಬರೆದು ಕೈ ಪಳಗಿಸಿಕೊಳ್ಳುವುದು ಇವತ್ತಿಗೂ ಇದರ ಮೇಲೆಯೇ.

ದಾವಣಗೆರೆಯ ಕಾಲೇಜಿನಿಂದ ರಜೆಗೆ ಬಂದ ಹುಡುಗನದೂ ಅದೇ ಕೆಲಸ. ತೊಡೆಯ ಮೇಲೆ ಸ್ಪೈರಲ್ ಬೈಂಡಿಂಗ್ ಮಾಡಿಸಿದ, ಆ ಚಿಪ್ಪಿನ ಡೇಟಾಶೀಟು. ಆ ಕಂಪ್ಯೂಟರಿನಿಂದ ಪಿಂಗ್ ಕೊಡುತ್ತಾನೆ, ಈ ಕಂಪ್ಯೂಟರಿನ ಪರದೆಯಲ್ಲಿ ಒಂದು ಸಾಲು ಮೂಡುತ್ತದೆ. ಬಗ್ಗಿ ನೋಡಿ: ಉದ್ದ 64. 60 ಬೈಟು ಮಾತು, 4 ಬೈಟು ತಪ್ಪು ಹಿಡಿಯುವ ಲೆಕ್ಕ. ಆಮೇಲೆ ಆರು ಎಫ್‌ಎಫ್. ಎಲ್ಲರೂ ಕೇಳಿಸಿಕೊಳ್ಳಿ ಎಂಬ ಡಂಗುರ. ಮೊದಲ ಪ್ಯಾಕೆಟ್ಟು ಸರಿಯಾಗಿಯೇ ಬಂತು.

ಎರಡನೆಯದು ಬರೀ ಸೊನ್ನೆ. ಮೂರನೆಯದೂ ಸೊನ್ನೆ. ಬಂದ ಪ್ಯಾಕೆಟ್ಟುಗಳನ್ನು ಚಿಪ್ಪು ಇಳಿಸುವ ಬಫರು ಖಾಲಿಯಾದರೆ ಖಾಲಿ ಎನ್ನಲು ಒಂದು ಬಿಟ್ ಇದೆ. ಅದು ಬಾಯಿ ಬಿಡುತ್ತಿಲ್ಲ. ಇನ್ನೂ ಇದೆ, ಓದು ಎನ್ನುತ್ತಲೇ ಇದೆ. ಹುಡುಗ ಓದುತ್ತಲೇ ಇದ್ದಾನೆ, ಕಸ ಬರುತ್ತಲೇ ಇದೆ.

"ಎಲ್ಲಿವರೆಗೆ ಓದಿದೆ ಅಂತ ಚಿಪ್ಪಿಗೆ ಹೇಳ್ಬೇಕು. ಚಿಪ್ಪು ಮುಂದೆ ಅಂಟಿಸೋ ತಲೆಬರಹ 4, ಪ್ಯಾಕೆಟ್ಟು 64, ಒಟ್ಟು 68. 68 ಅಂತಾನೇ ಬರ್ದೀನಿ," ಎಂದು ನಿಮ್ಮ ಕಡೆ ತಿರುಗುತ್ತಾನೆ. ನಿಮಗೂ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಹೊರಗೆ ತಾರಸಿಯ ಮೇಲೆ ಅಪ್ಪ. ಮೊಬೈಲಿನ ಬೆಳಕಲ್ಲಿ ಹೊಲದ ಪಹಣಿ ಹಿಡಿದು ಕೂತಿದ್ದಾರೆ. ನಾಳೆ ಹದ್ದುಬಸ್ತಿಗೆ ಸರ್ವೆಯವರು ಬರುತ್ತಾರೆ.

"ಲೇ ತಮ್ಮಾ, ಒಟ್ಟು 3 ಎಕರೆ 20 ಗುಂಟೆ, ಉಳೋಕಾಗದ ಖರಾಬು 9. ಉಳಿದಿದ್ದೆಷ್ಟಾತು?"

"3 ಎಕರೆ 11, ಅಪ್ಪಾ."

"ಎಷ್ಟು ಅಂತ ಬರ್ದಾರೆ. ಎಲ್ಲೈತೆ ಅಂತ ಬರ್ದಿಲ್ಲ ನೋಡು. ಅದು ಹಳ್ಳದ ದಂಡೇಲಿ ಐತೆ. ನಮ್ಮಪ್ಪ ತೋರಿಸಿದ್ದಕ್ಕೆ ನಂಗೊತ್ತು."

ಹುಡುಗ ಹೂಂ ಎಂದು ಮತ್ತೆ ಹಾಳೆ ತಿರುವುತ್ತಾನೆ. ಓದಿದ ಜಾಗ ಗುರುತಿಡುವ ರಿಜಿಸ್ಟರಿನ ಸಾಲು. ಪಕ್ಕದಲ್ಲಿ ಆವರಣದೊಳಗೆ ಸಣ್ಣಕ್ಷರ: ಆರಂಭದ ಬೆಲೆ ಎಫ್‌ಎಫ್‌ಎಫ್0. ಅಂದರೆ 65520. ಆ ರಿಜಿಸ್ಟರು 16 ಬಿಟ್ಟಿನದು, 65536 ಆದರೆ ಸುತ್ತು ಮುಗಿದು ಸೊನ್ನೆ. ಸೊನ್ನೆಗೆ 16 ಕಡಿಮೆ! ಇನ್ನೊಂದು ಪುಟದಲ್ಲಿ ಬಫರಿನ ಅಳತೆ: 8 ಕೆ ಮತ್ತು 16 ಬೈಟು. ಇಲ್ಲೂ 16. ಯಾಕೆ ಎಂದು ಎರಡೂ ಕಡೆ ಇಲ್ಲ. ಸುಳ್ಳು ಬರೆದಿದ್ದರೆ ಜಗಳವಾಡಬಹುದಿತ್ತು. ಇದು ಬಾಯಿ ಮುಚ್ಚಿಕೊಂಡ ಸತ್ಯ.

ಇಳಿಸಿಕೊಂಡಿದ್ದ ಕ್ಯೂಎಮುವಿನ ಮೂಲ ಕೋಡು ತೆಗೆಯುತ್ತಾನೆ. ಕಂಪ್ಯೂಟರಿನೊಳಗೆ ಸುಳ್ಳು ಕಂಪ್ಯೂಟರ್ ಕಟ್ಟುವ ತಂತ್ರಾಂಶ ಅದು. ಈ ಕಾರ್ಡಿನ ವೇಷವನ್ನೂ ಹಾಕುತ್ತದೆ. ಈ ರಿಜಿಸ್ಟರಿಗೆ ಏನೇ ಬರೆಯಿರಿ, ಅದು 16 ಕೂಡಿಸಿಕೊಳ್ಳುತ್ತದೆ. ಮೇಲೆ ಪುಟ್ಟ ಟಿಪ್ಪಣಿ, ಬೆಲೆ 16ರಷ್ಟು ಆಚೀಚೆ ಇದೆ ಎಂದು. ವೇಷಧಾರಿ ಅಸಲಿಯ ಕುಂಟನ್ನೂ ಕುಂಟುತ್ತಿದ್ದಾನೆ. ಲಿನಕ್ಸಿನ ಡ್ರೈವರ್ ನೋಡಿದರೆ ಅಲ್ಲೂ 16 ಕಳೆದಿದ್ದಾರೆ, ಒಂದು ಮಾತೂ ಆಡದೆ.

68 ಅಳಿಸಿ 52 ಆಗುವಂತೆ ಮಾಡುತ್ತಾನೆ. ಬರಿಗಣ್ಣಿಗೆ ತಪ್ಪಾಗಿ ಕಾಣುವ ಈ ಸಂಖ್ಯೆಯೇ ಸರಿ. ಪಿಂಗ್. ಒಂದು, ಎರಡು, ಮೂರು... ಸಾಲುಗಳು ಸರಸರ ಇಳಿಯುತ್ತವೆ. ಖಾಲಿಯ ಬಿಟ್ ಕೊನೆಗೂ ಖಾಲಿ ಎನ್ನುತ್ತದೆ. ಕೋಡಿನಲ್ಲಿ 16ಕ್ಕೆ ಅವನು ಇಟ್ಟ ಹೆಸರು ನೋಡಿ: ಖರಾಬು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕಿರುಚುತ್ತದೆ. ಹುಡುಗ ಏಳುವುದಿಲ್ಲ, ಬ್ಯಾಟರಿ ಇರುವಷ್ಟು ಹೊತ್ತು ಪಿಂಗನ್ನು ಜೋರು ಮಾಡುತ್ತಾನೆ, ಎಡೆಬಿಡದೆ ಸುರಿಯುವಂತೆ. ಸಾವಿರದ ಮೇಲೆಷ್ಟೋ ಸಾಲು. ಥಟ್ಟನೆ ನಡುವೆ ಒಂದು: ಉದ್ದ 65520. ಡ್ರೈವರ್ ಅಲ್ಲೇ ಕುಸಿಯಿತು.

ಅದೇ ಎಫ್‌ಎಫ್‌ಎಫ್0, ಈ ಸಲ ಬೇರೆ ಜಾಗದಲ್ಲಿ. ಡೇಟಾಶೀಟನ್ನು ಹಿಂದಿನಿಂದ ಮುಂದಕ್ಕೆ ತಿರುವಿದ್ದಾಯಿತು. ಏನೂ ಇಲ್ಲ. ಈಗ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಡ್ರೈವರ್. 1990ರ ದಶಕದ ಕೊನೆಯಲ್ಲಿ ಬಿಲ್ ಪಾಲ್ ಬರೆದದ್ದು. ಕೋಡಿನಷ್ಟೇ ಅದರ ಟಿಪ್ಪಣಿಗಳಿಗೂ ಹೆಸರುವಾಸಿ. ಸಿಕ್ಕೇಬಿಟ್ಟಿತು: ಚಿಪ್ಪು ಪ್ಯಾಕೆಟ್ಟನ್ನು ಮೆಮೊರಿಗೆ ಇನ್ನೂ ಇಳಿಸುತ್ತಿರುವಾಗ ಉದ್ದದ ಜಾಗದಲ್ಲಿ ಈ ಸಂಖ್ಯೆ ಇರುತ್ತದೆ, ಕಂಡರೆ ಅಲ್ಲೇ ನಿಲ್ಲಬೇಕು. ದಾಖಲೆಯಲ್ಲಿ ಇದರ ಸುಳಿವೇ ಇಲ್ಲ ಎಂದೂ ಬರೆದು, ತಯಾರಿಸಿದವರಿಗೆ ಚೆನ್ನಾಗಿ ಉಗಿದಿದ್ದಾನೆ.

ಹುಡುಗ ಕತ್ತಲಲ್ಲೇ ನಗುತ್ತಾನೆ.

"ಏನಾತೋ?" ತಾರಸಿಯಿಂದ ಅಪ್ಪ.

"ಒಬ್ಬ ಬೈದಾನೆ ಅಪ್ಪಾ."

"ಯಾರಿಗೆ?"

"ಪಹಣಿ ಬರೆದೋರಿಗೆ."

"ಅವ್ನೂ ಹೊಲ ಮಾಡೋನೇ ಇರ್ಬೇಕು ಬಿಡು," ಎಂದು ಅಪ್ಪ ಮಗ್ಗುಲಾಗುತ್ತಾರೆ.