ಗಡಿಯವರೆಗೆ ಉಚಿತ

ಬೆಳಗಿನ ಕಾಫಿಯ ರುಚಿ ಕೆಡಿಸಲೆಂದೇ ಮೊಬೈಲಿಗೆ ಬರುವ ಸಂದೇಶಗಳಲ್ಲಿ, ಖಾತೆಯಲ್ಲಿರುವ ಪಾಯಿಂಟುಗಳು ತಿಂಗಳ ಕೊನೆಗೆ ರದ್ದಾಗಲಿವೆ ಎಂಬ ಸಂದೇಶಕ್ಕೆ ಅಗ್ರಸ್ಥಾನ ಸಲ್ಲಬೇಕು. ಅದು ಬರುವ ತನಕ ಅಂಥದೊಂದು ಸಂಪತ್ತು ತಮಗುಂಟೆಂದು ಬಹುಮಂದಿಗೆ ಗೊತ್ತೇ ಇರುವುದಿಲ್ಲ. ಗೊತ್ತಾದ ಗಳಿಗೆಯಿಂದ ಅದು ಕೈತಪ್ಪುವ ಸಂಕಟವೊಂದೇ ಉಳಿಯುತ್ತದೆ. ಕಳ್ಳನೊಬ್ಬ ಮುಂಚಿತವಾಗಿ ದಿನಾಂಕ ತಿಳಿಸಿ ಬಂದರೂ ಮನೆಯವರಿಗೆ ಇಷ್ಟು ಕಿರಿಕಿರಿಯಾಗದು, ಏಕೆಂದರೆ ಆಗ ಬಾಗಿಲಿಗೆ ಬೀಗವನ್ನಾದರೂ ಹಾಕಬಹುದು.

ಪಾಯಿಂಟು ಎಂದರೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗದಿರಲೆಂದು ಕಂಪನಿಯು ಅವನ ಪ್ರತಿ ಖರ್ಚಿಗೂ ಬರೆದಿಡುವ ಅಂಕ; ವಿಮಾನ ಸಂಸ್ಥೆಗಳ ಲೆಕ್ಕದಲ್ಲಿ ಇದರ ಹೆಸರು ಮೈಲಿ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಆರಂಭಿಸಿದ ಯೋಜನೆಯಿಂದ ಈ ಪದ್ಧತಿ ಲೋಕಪ್ರಸಿದ್ಧವಾಯಿತು, ಏರ್ ಇಂಡಿಯಾದ ಇಂಥ ಯೋಜನೆ ಈಗ ಮಹಾರಾಜ ಕ್ಲಬ್ ಎಂಬ ಹೆಸರಿನಲ್ಲಿದೆ. ಮೊದಲು ಹಾರಿದ ದೂರಕ್ಕೆ ಸಿಗುತ್ತಿದ್ದ ಮೈಲಿ ಕ್ರಮೇಣ ಬಹಳ ಕಡೆ ಕೊಟ್ಟ ಹಣಕ್ಕೆ ಸಿಗುವಂತಾಯಿತು, ಕ್ರೆಡಿಟ್ ಕಾರ್ಡುಗಳು ಜೊತೆಗೂಡಿದ ಮೇಲಂತೂ ನೆಲ ಬಿಡದೆ, ಸೋಫಾ ಕೊಂಡೇ ಮೈಲಿ ಗಳಿಸುವುದು ಸಾಧ್ಯವಾಯಿತು. ಬಾಕಿಯನ್ನು ಗಡುವಿನೊಳಗೆ ತೀರಿಸಬೇಕು, ಪಾಯಿಂಟಿಗಾಗಿ ಬೇಡದ್ದನ್ನು ಕೊಳ್ಳಬಾರದು, ಉಚಿತ ಟಿಕೆಟಿಗೂ ತೆರಿಗೆ ಮತ್ತು ನಿಲ್ದಾಣದ ಶುಲ್ಕ ಕೈಯಿಂದಲೇ ಹೋಗಬಹುದು ಎಂಬ ಬುದ್ಧಿಮಾತುಗಳು ಸರ್ವವಿದಿತವಾದ್ದರಿಂದ ಅವುಗಳ ವಿಸ್ತಾರ ಇಲ್ಲಿ ಅನಗತ್ಯ. ಲೆಕ್ಕವೊಂದನ್ನು ಮಾತ್ರ ನೋಡಬಹುದು: ನೂರು ರೂಪಾಯಿ ಖರ್ಚಿಗೆ 2 ಪಾಯಿಂಟು, ಪಾಯಿಂಟಿಗೆ 25 ಪೈಸೆ ಬೆಲೆ ಎಂದಿಟ್ಟುಕೊಂಡರೆ, 5,000 ರೂಪಾಯಿಯ ಟಿಕೆಟು ಪುಕ್ಕಟೆಯಾಗಿ ಸಿಗಲು 10 ಲಕ್ಷ ರೂಪಾಯಿ ಖರ್ಚು ಮಾಡಬೇಕು. ಅಗ್ಗದ ಪ್ರಯಾಣವೆಂಬುದು ಹೀಗೆ ದುಬಾರಿಯಾಗಿ ಬಾಳಬಲ್ಲವರ ಸೊತ್ತು.

ದುಬಾರಿಯಾಗಿ ಬಾಳಿದವರಿಗೆಲ್ಲ ಅದು ಸಿಗುತ್ತದೆಂದೂ ಅಲ್ಲ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಬೆಳಗ್ಗೆ ಲಾಟು ಲಾಟಾಗಿ ಗೂಡು ಹರಾಜಾಗುವಾಗ ನಡೆಯುವ ವಹಿವಾಟು, ಚಿಂತಾಮಣಿಯ ಮಂಡಿಗಳಲ್ಲಿ ಟೊಮೆಟೊ ಕ್ರೇಟುಗಳ ಮೇಲೆ ಕೈ ಬದಲಾಗುವ ಹಣ, ಇವುಗಳ ಮುಂದೆ ಮಹಾನಗರದ ನೌಕರನೊಬ್ಬನ ತಿಂಗಳ ಕಾರ್ಡಿನ ಬಿಲ್ಲು ಯಾವ ಲೆಕ್ಕಕ್ಕೂ ಬರದು. ಆದರೆ ಗೂಡು ಕೊಳ್ಳುವ ರೀಲರು, ಅಂದರೆ ಗೂಡನ್ನು ಬೇಯಿಸಿ ನೂಲು ತೆಗೆಯುವವನು, ಕ್ರೆಡಿಟ್ ಕಾರ್ಡು ಉಜ್ಜಿ ಗೂಡು ತರುವ ವಾಡಿಕೆಯಿಲ್ಲ. ಹೀಗಾಗಿ ಅವನ ಲಕ್ಷಗಳಿಗೆ ಒಂದು ಪಾಯಿಂಟೂ ಹುಟ್ಟುವುದಿಲ್ಲ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ತೆರೆದಂದಿನಿಂದ ಈ ಸೀಮೆಯವರ ತಲೆಯ ಮೇಲೆ ಹಗಲಿರುಳು ವಿಮಾನಗಳ ಸದ್ದು ಇದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದು ಯಲಹಂಕ ಸೇರುವ ರೈಲು ಮಾರ್ಗದಲ್ಲಿ 2021ರಿಂದ ವಿಮಾನ ನಿಲ್ದಾಣದ ಹೆಸರಿನದೇ ಒಂದು ಹಾಲ್ಟ್ ಕೂಡ ಇದೆ. ಸದ್ದಿಗೂ ಹಾಲ್ಟಿಗೂ ಪಾಯಿಂಟು ಕೊಡುವ ಯೋಜನೆ ಮಾತ್ರ ಇನ್ನೂ ಬಂದಿಲ್ಲ.

ಕೂಡಿಟ್ಟದ್ದು ಅವಧಿ ಮೀರಿ ಕರಗುವ ಈ ಏರ್ಪಾಟನ್ನು ಭಾರತೀಯರಿಗೆ ಯಾವ ಬ್ಯಾಂಕೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಯಜ್ಞಗಳಿಂದ ಸ್ವರ್ಗ ಸೇರಿದವರು ಅಲ್ಲಿಯ ಭೋಗವನ್ನು ಅನುಭವಿಸಿ, ಪುಣ್ಯ ತೀರಿದೊಡನೆ ಮರಳಿ ಮರ್ತ್ಯಕ್ಕೆ ಇಳಿಯುತ್ತಾರೆಂದು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಪಾಯಿಂಟುಗಳ ಬಲದಿಂದ ನಿಲ್ದಾಣದ ಲಾಂಜಿನಲ್ಲಿ ಕುಳಿತು ಇಡ್ಲಿ ತಿಂದವರ ಗತಿಯೂ ಇಷ್ಟೇ. ಆದರೂ ಪುಣ್ಯಕ್ಕೆ ಒಂದು ಮೇಲ್ಮೆಯಿದೆ: ಅದನ್ನು ಖರ್ಚು ಮಾಡುವ ಮೊದಲೇ ಸ್ವರ್ಗ ಬಾಗಿಲು ಮುಚ್ಚಿದ್ದನ್ನು ಯಾವ ಪುರಾಣವೂ ಹೇಳುವಂತಿಲ್ಲ. ಬೆಂಗಳೂರು ಮೂಲದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ, ಅದರ ಕಿಂಗ್ ಕ್ಲಬ್ಬಿನಲ್ಲಿ ಕೂಡಿಟ್ಟಿದ್ದ ಮೈಲಿಗಳಿಗೆ ಹಾರಲು ಆ ಸಂಸ್ಥೆಯ ವಿಮಾನವೇ ಉಳಿಯಲಿಲ್ಲ.

ಈ ಗೋಜಲು ಯಾವುದೂ ಇಲ್ಲದ ಅಗ್ಗದ ಪ್ರಯಾಣ ಶಿಡ್ಲಘಟ್ಟದ ಸುತ್ತಲಿನ ತಾಲ್ಲೂಕುಗಳಲ್ಲಿ ಈಗಾಗಲೇ ನಡೆಯುತ್ತಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಐಷಾರಾಮಿಯಲ್ಲದ ಸರ್ಕಾರಿ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟು ಪಡೆದು ಹೋಗಿಬರುತ್ತಾರೆ. ಖಾತೆ ಬೇಡ, ಪಾಸ್‌ವರ್ಡ್ ಬೇಡ, ತಿಂಗಳ ಕೊನೆಯ ಸಂದೇಶವೂ ಇಲ್ಲ. ಹಿಂದಿನ ಖರ್ಚಿನ ದಾಖಲೆಯನ್ನು ಕೇಳದೆ, ಹೋಗಬೇಕಾದ ಊರನ್ನಷ್ಟೇ ಕೇಳುವ ಔದಾರ್ಯ ಇದು. ಇದಕ್ಕಿರುವ ಕುಂದು ಒಂದೇ, ಅದು ಗಡಿ. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ಕೂಗಳತೆಯಲ್ಲಲ್ಲದಿದ್ದರೂ ಸಂತೆಯಳತೆಯಲ್ಲಿದೆ, ಹೆಣ್ಣು ಕೊಟ್ಟು ತರುವ ನಂಟು ಆಚೀಚೆ ಹಬ್ಬಿದೆ, ಒಂದೇ ಮನೆಯ ಜಗಳ ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಮುಗಿಯುತ್ತದೆ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲಿಯೂ ಸ್ತ್ರೀ ಶಕ್ತಿ ಎಂಬ ಇಂಥದೇ ಯೋಜನೆ ಬಂದಿದೆ. ಗೌರಿಬಿದನೂರಿನ ತಾಯಿಗೆ ಕರ್ನಾಟಕದ ವಿಳಾಸ, ಹಿಂದೂಪುರಕ್ಕೆ ಕೊಟ್ಟ ಮಗಳಿಗೆ ಆಂಧ್ರದ ವಿಳಾಸ. ಇಬ್ಬರಿಗೂ ತಂತಮ್ಮ ರಾಜ್ಯದಲ್ಲಿ ಎಲ್ಲಿಗೆ ಬೇಕಾದರೂ ಉಚಿತ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಕ್ಕೆ ಮಾತ್ರ ದುಡ್ಡು. ತಾಯಿ ಬೀದರಿನವರೆಗೆ ಕಾಸಿಲ್ಲದೆ ಹೋಗಿಬರಬಹುದು, ಆದರೆ ಬಾಣಂತಿ ಮಗಳಿಗೆ ಖಾರದ ಪುಡಿ ಕೊಟ್ಟುಬರಲಾರಳು. ವಿಮಾನ ಸಂಸ್ಥೆಗಳನ್ನು ಎಷ್ಟು ಬೈದರೂ ಈ ಒಂದು ವಿಷಯದಲ್ಲಿ ಅವುಗಳಿಂದ ಕಲಿಯುವುದಿದೆ. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್ ಎಂಬ ಕೂಟಕ್ಕೆ 2014ರಲ್ಲಿ ಏರ್ ಇಂಡಿಯಾ ಸೇರಿದ ಮೇಲೆ, ಜರ್ಮನಿಯ ಲುಫ್ತಾನ್ಸದಲ್ಲಿ ಗಳಿಸಿದ ಮೈಲಿಯನ್ನು ಭಾರತದ ವಿಮಾನದಲ್ಲಿ ಖರ್ಚು ಮಾಡುವುದು ಸಾಧ್ಯವಾಯಿತು. ಲಾಭಕ್ಕಾಗಿ ಹೊಡೆದಾಡುವ ಕಂಪನಿಗಳು ಸಾಗರದಾಚೆಯ ಗಿರಾಕಿಯನ್ನು ಹಂಚಿಕೊಳ್ಳಬಲ್ಲವಾದರೆ, ಎರಡು ನೆರೆರಾಜ್ಯಗಳ ಸಾರಿಗೆ ನಿಗಮಗಳು ಒಬ್ಬ ಅಜ್ಜಿಯನ್ನು ಹಂಚಿಕೊಳ್ಳಲಾರವೇಕೆ? ಕಾವೇರಿ, ಕೃಷ್ಣೆಯರ ವಿಚಾರಕ್ಕೆ ಬೇಕಾದಂಥ ನ್ಯಾಯಮಂಡಳಿ ಇದಕ್ಕೆ ಬೇಕಾಗದು; ಗಡಿಯಿಂದ ಇಪ್ಪತ್ತು ಮೂವತ್ತು ಕಿಲೋಮೀಟರಿನ ಒಳಗೆ ಒಬ್ಬರ ಶೂನ್ಯವನ್ನು ಇನ್ನೊಬ್ಬರು ಮನ್ನಿಸಿದರೆ ಸಾಕು.

ಟಿಕೆಟಿನ ಮಾತು ಬಂದಾಗ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಅವರು, ಹುಡುಗನಾಗಿದ್ದಾಗ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದವರು. ಸುಮಾರು ಐವತ್ತು ಮೈಲಿಗಳ ಆ ದಾರಿ ಯಾವ ಖಾತೆಗೂ ಜಮೆಯಾಗಲಿಲ್ಲ. ಈಗಿನ ಕಾಲದಲ್ಲಿ ಆಗಿದ್ದರೆ ಜಮೆಯಾಗುತ್ತಿತ್ತೆಂಬುದೇ ವಿಚಿತ್ರ. ಏಕೆಂದರೆ ನಡಿಗೆಯ ಹೆಜ್ಜೆಗಳನ್ನು ಎಣಿಸಿ ಪಾಯಿಂಟು ಕೊಡುವ ಆ್ಯಪ್‌ಗಳು ಬಂದಿವೆ. ಬಸ್ಸಿಗೆ ಹಣವಿಲ್ಲದವನ ಪಾಡಾಗಿದ್ದ ನಡಿಗೆ ಹೀಗೆ ಕಾರಿರುವವನ ಗಳಿಕೆಯಾಗಿ ಮಾರ್ಪಟ್ಟಿದೆ. ನಂದಿಬೆಟ್ಟಕ್ಕೆ ಸುಲ್ತಾನಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲುಗಳಿದ್ದರೂ, ರಾಜಧಾನಿಯಿಂದ ಬರುವ ಬಹುಪಾಲು ಜನ ಕಾರಿನಲ್ಲೇ ಮೇಲೇರುತ್ತಾರೆ. ಏರಿದ ಮೇಲೆ ಅಂದಿನ ಹತ್ತು ಸಾವಿರ ಹೆಜ್ಜೆಗೆ ಇನ್ನೆಷ್ಟು ಬಾಕಿಯಿದೆಯೆಂದು ಮಣಿಕಟ್ಟು ನೋಡಿಕೊಂಡು, ಬೆಟ್ಟದ ನೆತ್ತಿಯಲ್ಲಿ ಸುತ್ತು ಹಾಕತೊಡಗುತ್ತಾರೆ.